ಹಗೇವಿನ ಗಾಳಿ, ಕಾರ್ಖಾನೆಯ ಗಾಳಿ

ನನ್ನ ತಮ್ಮ ಮೈಲಪ್ಪನ ಪರವಾಗಿ ನಾನು ಜನರ ಮುಂದೆ ಒಂದು ಮಾತು ಹೇಳಬೇಕಿತ್ತು. ಹೇಳಲಿಲ್ಲ. ಕೆಲಸದಲ್ಲಿ ಇದ್ದಷ್ಟು ಕಾಲವೂ ಹೇಳಲಿಲ್ಲ. ನಮ್ಮೂರು ಹೊಳಲಿನಲ್ಲಿ ಅವನಿಗೆ ಅವಸರಗೇಡಿ ಎಂಬ ಹೆಸರು ಬಂತು, ಅವನ ಕೈಯ ಕೆಲಸ ಹೋಯಿತು. ನನ್ನ ಕೆಲಸ ಉಳಿಯಿತು. ಸಾಲದ್ದಕ್ಕೆ ವಿಮಾನ ಹತ್ತಿ ಪರದೇಶವನ್ನೂ ನೋಡಿ ಬಂದೆ.

ಗ್ಯಾಸು ಹಿಡಿದಿಡುವ ಕೆಲಸಕ್ಕೆ ಈಗ ಸೇರುತ್ತಿರುವವರು ನನ್ನ ಅನುಭವ ಬರೆದುಕೊಡಿ ಎಂದಿದ್ದಾರೆ. ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟವನು. ಬಡ್ತಿ, ಸನ್ಮಾನಗಳ ಸುದ್ದಿ ಇದರಲ್ಲಿ ಇಲ್ಲ. ಬರೆಯುವ ಉತ್ಸಾಹವೂ ಈಗ ಅಷ್ಟಿಲ್ಲ. ಆದರೂ ಈ ಕೆಲಸದಲ್ಲಿ ಯಂತ್ರ ಕೆಡುವುದಕ್ಕಿಂತ ಮನುಷ್ಯ ಕೆಡುವುದು ಹೇಗೆ ಎಂಬುದನ್ನು ನನ್ನಷ್ಟು ತಿಳಿದವರು ಕಡಿಮೆ ಇರಬಹುದು, ಅದಕ್ಕಾಗಿ ಬರೆಯುತ್ತೇನೆ.

ಮೊದಲು ಹಗರಿಬೊಮ್ಮನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಪಂಪ್‌ಸೆಟ್ ರಿಪೇರಿ ಮಾಡಿಕೊಂಡಿದ್ದೆ. ಅಲ್ಲಿಂದ ಹರಪನಹಳ್ಳಿ ದಾರಿಯ ಸ್ಪಿರಿಟ್ ಕಾರ್ಖಾನೆಗೆ ಫಿಟ್ಟರ್ ಆಗಿ ಸೇರಿದೆ. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯನ್ನು ದೊಡ್ಡ ತೊಟ್ಟಿಗಳಲ್ಲಿ ಹುಳಿ ಬರಿಸಿ ಸ್ಪಿರಿಟ್ ತೆಗೆಯುವ ಕಾರ್ಖಾನೆ ಅದು. ಹುಳಿ ಬರುವಾಗ ತೊಟ್ಟಿ ಕೊತಕೊತ ಎನ್ನುತ್ತದೆ, ಇಂಗಾಲದ ಗಾಳಿ ಏಳುತ್ತದೆ. ಆಗ ಅದನ್ನು ಹಾಗೇ ಆಕಾಶಕ್ಕೆ ಬಿಡುತ್ತಿದ್ದರು. ನಮಗೆ ಅದು ಬರೀ ಹುಳಿ ವಾಸನೆ. ತೊಟ್ಟಿಯ ಪಕ್ಕದ ಗುಂಡಿಯಲ್ಲಿ ತಂಪಿಗೆ ಮಲಗಿದ ನಾಯಿಗಳು ಆಗಾಗ ಏಳದೆ ಹೋಗುತ್ತಿದ್ದವು. ಯಾರೋ ವಿಷ ಹಾಕುತ್ತಾರೆ ಎಂದುಕೊಂಡಿದ್ದೆವು.

ತೊಂಬತ್ತರ ದಶಕದ ನಡುವಿನಲ್ಲಿ ಆ ಗಾಳಿಯನ್ನು ಹಿಡಿದು, ತೊಳೆದು, ಒತ್ತಿ, ತಣಿಸಿ, ನೀರು ಮಾಡಿ ಸಿಲಿಂಡರಿಗೆ ತುಂಬುವ ಯಂತ್ರ ಬಂತು. ಅದರ ಜೊತೆಗೆ ನಾರ್ವೆ ದೇಶದ ಇಂಜಿನಿಯರ್ ಎರಿಕ್ ಬಂದ. ಉದ್ದನೆಯ ಆಳು, ಬಿಸಿಲಿಗೆ ಮೂಗು ಸುಲಿದು ಕೆಂಪಗಾಗಿತ್ತು. ಕೆಲವೇ ದಿನಗಳಲ್ಲಿ ಅವನು ನಮ್ಮವರ ಬಾಯಲ್ಲಿ ಈರಣ್ಣ ಸಾಹೇಬ ಆದ. ಕರೆದರೆ ಓ ಎನ್ನುತ್ತಿದ್ದ.

ಅವನ ಮೊದಲ ಪಾಠ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ನೆಲದ ಮೇಲೆ ಒಂದು ದೀಪ ಹಚ್ಚಿಟ್ಟು, ಗುಂಡಿಯ ತಳದಲ್ಲಿ ಅದ್ದಿ ತಂದ ಖಾಲಿ ಬಕೆಟನ್ನು ನೀರು ಸುರಿದಂತೆ ಅದರ ಮೇಲೆ ಬಗ್ಗಿಸಿದ. ದೀಪ ಆರಿಹೋಯಿತು. ನನ್ನ ಜೊತೆಗೆ ಕೆಲಸ ಮಾಡುತ್ತಿದ್ದ ಕೊಟ್ಟೂರಿನ ಮೆಕ್ಯಾನಿಕ್ ಮಾಬುಸಾಬ್ ಬಕೆಟಿನೊಳಗೆ ಇಣುಕಿದ.

"ಈರಣ್ಣ ಸಾಹೇಬ್ರ, ಏನ್ ಸುರಿದ್ರಿ ಇದರಾಗಿಂದ? ನಮ್ಮ ಬೋನಸ್ಸೇನು?"

ಎಲ್ಲರೂ ನಕ್ಕೆವು. ಮ್ಯಾನೇಜರು ಇಂಗ್ಲಿಷಿನಲ್ಲಿ ಹೇಳಿದಾಗ ಎರಿಕನೂ ನಕ್ಕ. ಆಮೇಲೆ ನಗು ನಿಲ್ಲಿಸಿ ಗುಂಡಿಯನ್ನು ತೋರಿಸಿದ. ಈ ಗಾಳಿ ಭಾರ, ತಗ್ಗಿಗೆ ಹರಿದು ತಳದಲ್ಲಿ ನಿಲ್ಲುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಕೆಮ್ಮೂ ಬರಿಸುವುದಿಲ್ಲ. ಬಿದ್ದವನನ್ನು ಎತ್ತಲು ಯಾರೂ ಹಾಗೇ ಇಳಿಯಬಾರದು. ಆವತ್ತು ನಾಯಿಗಳ ವಿಷಯ ಅರ್ಥವಾಯಿತು.

ಯಂತ್ರ ಸಲೀಸಾಗಿ ನಡೆಯಿತು ಎಂದುಕೊಳ್ಳಬೇಡಿ. ಹಿಮ ಬೀಳುವ ದೇಶದ ಲೆಕ್ಕದಲ್ಲಿ ಕಟ್ಟಿದ್ದು. ಶಿವರಾತ್ರಿ ಕಳೆಯುತ್ತಿದ್ದಂತೆ ನಮ್ಮ ತಣಿಸುವ ನೀರೇ ಸ್ನಾನಕ್ಕಾಗುವಷ್ಟು ಬಿಸಿಯಾಯಿತು. ಮಧ್ಯಾಹ್ನವಾದರೆ ಸೇಫ್ಟಿ ವಾಲ್ವ್ ಕಿರುಚಿಕೊಂಡು ಹಿಡಿದ ಗ್ಯಾಸನ್ನೆಲ್ಲ ಹೊರಗೆ ಉಗುಳುತ್ತಿತ್ತು. ಬುತ್ತಿ ಬಿಚ್ಚಿದವರು ಬುತ್ತಿ ಬಿಟ್ಟು ಓಡುತ್ತಿದ್ದರು. ಮ್ಯಾನೇಜರು ನಮ್ಮನ್ನು ಸಾಲಾಗಿ ನಿಲ್ಲಿಸಿ ಬೈದರು. "ಫಾರಿನ್ ಮಷೀನಿಗೆ ಹಳ್ಳಿ ಕೈ ತಾಗಿದರೆ ಇನ್ನೇನಾಗುತ್ತೆ!" ಎಂದರು.

ಎರಿಕ್ ಕೊಡೆ ಹಿಡಿದುಕೊಂಡು ಆ ವಾಲ್ವಿನ ಪಕ್ಕದಲ್ಲೇ ಒಂದು ವಾರ ಕುಳಿತ. ಕೊನೆಗೆ ಮಾಬುಸಾಬನ ಹತ್ತಿರ ಕನ್ನಡದಲ್ಲಿ ಎರಡು ಮಾತು ಕಲಿತುಕೊಂಡು ಬಂದು, ಎಲ್ಲರ ಮುಂದೆ, ಮ್ಯಾನೇಜರ ಎದುರಿಗೇ, "ನಂದ ತಪ್ಪು" ಎಂದ. ನಿಮ್ಮ ಬಿಸಿಲನ್ನು ನಾನು ಬಂದು ನೋಡಿ ಲೆಕ್ಕ ಹಾಕಬೇಕಿತ್ತು, ಕಾಗದದಲ್ಲಿ ಓದಿ ಹಾಕಿದೆ ಎಂದು ಇಂಗ್ಲಿಷಿನಲ್ಲಿ ವಿವರಿಸಿದ.  ಆಮೇಲೆ ಯಂತ್ರಕ್ಕೆ ನೆರಳಾಗಲೆಂದು ತೆಂಗಿನ ಗರಿಯ ಚಪ್ಪರ ಹಾಕಿದೆವು, ಅರ್ಧ ಕೆಲಸ ಮಾಡಿತು. ಇನ್ನರ್ಧಕ್ಕೆ ಮರುವರ್ಷ ಇನ್ನೊಂದು ತಣಿಸುವ ಗೋಪುರ ಬರಬೇಕಾಯಿತು. ನನ್ನ ಪಾಲಿನ ತಪ್ಪುಗಳೂ ಇದ್ದವು. ಬೆಳ್ಳಗೆ ಹಿಮ ಕಟ್ಟಿದ ವಾಲ್ವನ್ನು ಬರಿಗೈಯಲ್ಲಿ ಹಿಡಿದು ಅಂಗೈ ಚರ್ಮ ಅದಕ್ಕೇ ಅಂಟಿಸಿ ಬಂದಿದ್ದೇನೆ. ಅದೆಲ್ಲ ಮಾಯುವ ತಪ್ಪುಗಳು.

ಕಾರ್ಖಾನೆಯ ಮುಂದಿನ ಚಹಾ ಅಂಗಡಿಯಲ್ಲಿ ಎರಿಕ್ ಮರಳಿನಲ್ಲಿ ಚಿತ್ರ ಬರೆದು ತೋರಿಸುತ್ತಿದ್ದ. ತನ್ನ ದೇಶದಲ್ಲಿ ಇಂಥ ಗಾಳಿಯನ್ನು ಸಮುದ್ರದ ತಳಕ್ಕಿಂತ ಕೆಳಗೆ, ಮರಳುಗಲ್ಲಿನೊಳಕ್ಕೆ ಇಳಿಸಿ ಇಡುತ್ತಾರೆ, ಮೇಲೆ ಗಟ್ಟಿ ಪದರ ಇರುವುದರಿಂದ ಅದು ಎದ್ದು ಬರುವುದಿಲ್ಲ ಎಂದ. ಮುಂದೊಂದು ಕಾಲಕ್ಕೆ ಎಲ್ಲ ದೇಶದವರೂ ಇದನ್ನು ಕಲಿಯಬೇಕಾಗುತ್ತದೆ ಎಂದ.

"ಗಾಳಿನ ಹೂಳ್ತಾರಂತಲೇ ಕೊಟ್ರ," ಎಂದ ಮಾಬುಸಾಬ್ ನನ್ನ ಕಡೆ ತಿರುಗಿ. "ನಮ್ಮೂರಾಗ ಹೆಣ ಹೂಳಾಕ ಜಾಗ ಇಲ್ಲ."

ಆಗ ನನಗೆ ಜಂಬ ಬಂತು. ಅದು ನಮ್ಮ ಹೊಳಲಿನಲ್ಲೂ ಐತಿ ಎಂದುಬಿಟ್ಟೆ. ಹೇಳಿದ್ದು ಹಗೇವಿನ ವಿಷಯ. ಗಟ್ಟಿ ನೆಲದಲ್ಲಿ ಕೊರಳು ಸಣ್ಣಗೆ, ಹೊಟ್ಟೆ ಅಗಲಕ್ಕೆ ತೋಡಿ, ಸುತ್ತ ಹುಲ್ಲು ಕೊಟ್ಟು ಜೋಳ ತುಂಬಿ, ಬಾಯಿಗೆ ಬಂಡೆ ಮುಚ್ಚಿ ಮಣ್ಣು ಮೆತ್ತಿಬಿಡುವುದು. ಒಳಗೆ ಜೋಳ ಉಸಿರಾಡಿ ಇದೇ ಗಾಳಿ ತುಂಬಿಕೊಳ್ಳುತ್ತದೆ. ಹುಳ ಬದುಕುವುದಿಲ್ಲ, ಕಾಳು ವರ್ಷಗಟ್ಟಲೆ ಉಳಿಯುತ್ತದೆ. ಎರಿಕ್ ಚಹಾ ಲೋಟ ಕೆಳಗಿಟ್ಟ. ಅದನ್ನು ನೋಡಲೇಬೇಕು ಎಂದ. ನಾವು ನಿಮಗೆ ಕಲಿಸಲು ಬಂದವರು, ನೀವು ಕಲಿಸುವುದೂ ಇದೆ ಎಂದ. ಅದನ್ನು ಕೇಳಿಸಿಕೊಂಡ ಮ್ಯಾನೇಜರಿಗೆ ಪಟ ತೆಗೆಸಿ ಮೇಲಿನವರಿಗೆ ಕಳಿಸುವ ಯೋಚನೆ ಬಂತು.

ಹಗೇವು ತೆಗೆಯುವುದು ನನ್ನ ತಮ್ಮನ ಕಸುಬಾಗಿತ್ತು. ಹೊಳಲಿನಲ್ಲಷ್ಟೇ ಅಲ್ಲ, ಹಡಗಲಿಯ ತನಕ ಯಾರ ಮನೆಯ ಹಗೇವು ತೆಗೆಯಬೇಕಾದರೂ ಮೈಲಪ್ಪನೇ ಬರಬೇಕು. ಬಂಡೆ ಸರಿಸಿ ಬಿಟ್ಟುಬಿಡುತ್ತಿದ್ದ. ಹಗ್ಗಕ್ಕೆ ದೀಪ ಕಟ್ಟಿ ತಳ ಮುಟ್ಟುವ ತನಕ ಇಳಿಸುತ್ತಿದ್ದ. ಆರಿದರೆ ಕಂಬಳಿಯನ್ನು ಹಗ್ಗಕ್ಕೆ ಕಟ್ಟಿ ಒಳಗೆ ಏರಿಳಿಸಿ ಗಾಳಿ ಆಡಿಸುತ್ತಿದ್ದ. ಮತ್ತೆ ದೀಪ. ಮನೆಯವರು ಎಷ್ಟೇ ಅವಸರ ಮಾಡಲಿ, ಎಲೆ ಅಡಿಕೆ ಹಾಕಿಕೊಂಡು ಕೂತುಬಿಡುತ್ತಿದ್ದ. "ಜ್ವಾಳ ಎಲ್ಲಿಗೂ ಓಡಿ ಹೋಗಂಗಿಲ್ಲ, ಕುಂದ್ರ್ರಿ" ಎನ್ನುತ್ತಿದ್ದ. ಇಳಿಯುವಾಗ ಅವನ ಸೊಂಟದ ಹಗ್ಗವನ್ನು ಹೆಂಡತಿ ನೀಲವ್ವನೇ ಹಿಡಿಯಬೇಕು. ಹಗ್ಗ ಮನೆಯವರ ಕೈಯಲ್ಲಿರಬೇಕು ಎಂಬುದು ಆ ಕಸುಬಿನ ಪದ್ಧತಿ.

ಇನ್ನು ನನ್ನ ಪೆಟ್ಟಿಗೆಯ ವಿಷಯ. ಗ್ಯಾಸು ಅಳೆಯುವ ಒಂದು ಪೆಟ್ಟಿಗೆಯನ್ನು ಎರಿಕ್ ನನ್ನ ವಶಕ್ಕೆ ಕೊಟ್ಟಿದ್ದ. ಉದ್ದನೆಯ ರಬ್ಬರ್ ನಳಿಗೆ, ಒಂದು ಮುಳ್ಳು. ದಿನಾ ಬೆಳಿಗ್ಗೆ ಪರೀಕ್ಷೆಯ ಸಿಲಿಂಡರಿನ ಗ್ಯಾಸು ಕುಡಿಸಿ ಮುಳ್ಳು ಏಳುತ್ತದೋ ಇಲ್ಲವೋ ನೋಡಬೇಕು. ಹೊಳಲಿಗೆ ಹೋಗುವ ಕೆಲವು ದಿನ ಮೊದಲು ಅದು ತೊಟ್ಟಿಯ ಮೆಟ್ಟಿಲ ಮೇಲಿಂದ ನನ್ನ ಕೈ ತಪ್ಪಿ ಬಿತ್ತು. ಆಮೇಲೆ ಮುಳ್ಳು ಸೊನ್ನೆಗೇ ಅಂಟಿಕೊಳ್ಳುತ್ತಿತ್ತು. ಬಡಿದರೆ ಒಮ್ಮೊಮ್ಮೆ ಏಳುತ್ತಿತ್ತು.

ನಾನು ಯಾರಿಗೂ ಹೇಳಲಿಲ್ಲ. ನಮ್ಮಲ್ಲಿ ಒಬ್ಬನನ್ನು ನಾರ್ವೆಗೆ ಕಲಿಯಲು ಕಳಿಸುತ್ತಾರೆ ಎಂಬ ಸುದ್ದಿ ಇತ್ತು. ಹೋಗುವವನು ಕೊಟ್ರಪ್ಪನೇ ಎಂದು ಎಲ್ಲರೂ ನನ್ನ ಹೆಸರು ಹೇಳುತ್ತಿದ್ದರು. ಪೆಟ್ಟಿಗೆ ಬೀಳಿಸಿದವನನ್ನು ಕಳಿಸುತ್ತಾರೆಯೇ? ಭಾನುವಾರ ಯಾರೂ ಇಲ್ಲದಾಗ ಬಿಚ್ಚಿ ಸರಿಮಾಡಿದರಾಯಿತು ಎಂದುಕೊಂಡೆ. ಭಾನುವಾರಕ್ಕೆ ಮೊದಲೇ ಜೀಪು ಹೊಳಲಿಗೆ ಹೊರಟಿತು.

ಅಲ್ಲಿ ಮೈಲಪ್ಪ ಬಂಡೆ ಸರಿಸಿ ಕಾಯುತ್ತಿದ್ದ. ನೀಲವ್ವ ಹಗ್ಗ ಹಿಡಿದು ಹಿಂದೆ ನಿಂತಿದ್ದಳು. ಮ್ಯಾನೇಜರಿಗೆ ಅದು ಹಿಡಿಸಲಿಲ್ಲ.

"ಆ ಹಗ್ಗ ಬಿಚ್ಚಿಸಪ್ಪ ಕೊಟ್ರಪ್ಪ, ಪಟದಲ್ಲಿ ದನ ಕಟ್ಟಿದ ಹಾಗೆ ಕಾಣುತ್ತೆ" ಎಂದರು.

ನೀಲವ್ವ ಹಗ್ಗವನ್ನು ಮುಂಗೈಗೆ ಇನ್ನೊಂದು ಸುತ್ತು ಸುತ್ತಿಕೊಂಡಳು. "ಪಟ ಚಂದ ಬರಬೇಕಂದ್ರ ನೀವ ಇಳೀರಿ, ಸಾಹೇಬ್ರ. ನನ್ನ ಗಂಡ ಹಗ್ಗ ಬಿಟ್ಟು ಇಳಿಯಂಗಿಲ್ಲ."

ಪೆಟ್ಟಿಗೆಯನ್ನು ಬೆಳಿಗ್ಗೆ ಪರೀಕ್ಷೆ ಮಾಡಿದೆಯಾ ಎಂದು ಎರಿಕ್ ಕೇಳಿದ. ಮಾಡಿದೆ ಎಂದು ತಲೆಯಾಡಿಸಿದೆ. ಅಂಚು ಕುಸಿದೀತೆಂದು ಅವರೆಲ್ಲ ದೂರ ನಿಂತರು. ಜೀಪಿನ ಇಂಜಿನ್ ಓಡುತ್ತಲೇ ಇತ್ತು, ಹಗ್ಗದ ತುದಿಯಲ್ಲಿದ್ದ ನೀಲವ್ವನಿಗೂ ನಮ್ಮ ಮಾತು ಕೇಳುವಂತಿರಲಿಲ್ಲ. ಹಗೇವಿನ ಬಾಯಿಯ ಮೇಲೆ ಬಗ್ಗಿದವರು ನಾನು, ನನ್ನ ತಮ್ಮ ಇಬ್ಬರೇ. ಅವನು ದೀಪ ಇಳಿಸಿದ. ತಳಕ್ಕೆ ಹೋಗುತ್ತಿದ್ದಂತೆ ದೀಪ ಆರಿತು.

"ಆರಿತಣ್ಣ. ಬ್ಯಾಡ. ಕಂಬಳಿ ಆಡಸ್ತನಿ, ಸಂಜಿಕ ನೋಡೋಣ."

ಸಂಜೆ! ಮ್ಯಾನೇಜರು ಗಡಿಯಾರ ನೋಡಿಕೊಳ್ಳುತ್ತಿದ್ದರು. ನನ್ನ ನಳಿಗೆಯೂ ತಳ ಮುಟ್ಟಿತ್ತು. ಮುಳ್ಳು ಸೊನ್ನೆಯಲ್ಲಿತ್ತು.

"ಗಾಳಿಗೆ ಆರೈತಿ ಬಿಡಲೇ. ಮಷೀನು ಚೊಲೊ ಐತಿ ಅಂತೈತಿ, ನೋಡಿಲ್ಲಿ."

"ಒಳಗೆಲ್ಲಿಂದ ಬಂತಣ್ಣ ಗಾಳಿ?"

"ನನಗಿಂತ ನಿನಗ ಗೊತ್ತೇನು? ಸಾಹೇಬ್ರ ಮುಂದ ಮರ್ಯಾದಿ ತೆಗೀಬ್ಯಾಡ. ಇಳಿ."

ಅವನು ನನ್ನ ಮುಖ ನೋಡಿದ. ನಾನು ಅಣ್ಣ. ಇಳಿದ.

ಮೊಣಕಾಲು ಮಡಚಿ ಕುಸಿದದ್ದು ಮೇಲಿನಿಂದ ಕಾಣಿಸಿತು. ಜೀಪಿನ ಡ್ರೈವರ್ ಇಳಿಯಲು ಓಡಿ ಬಂದ. ಎರಿಕ್ ಅವನ ಅಂಗಿ ಹಿಡಿದು ಹಿಂದಕ್ಕೆಳೆದು, "ಬೇಡ! ಹಗ್ಗ! ಹಗ್ಗ!" ಎಂದು ಕೂಗಿದ. ನೀಲವ್ವ ಆಗಲೇ ಜಗ್ಗುತ್ತಿದ್ದಳು. ಎಲ್ಲರೂ ಸೇರಿ ಎಳೆದರು. ಎರಿಕ್ ಮೈಲಪ್ಪನ ಬಾಯಿಗೆ ಬಾಯಿಟ್ಟು ಉಸಿರು ಊದಿದ. ನಾನು ಪೆಟ್ಟಿಗೆ ಎದೆಗವಚಿಕೊಂಡು ನಿಂತಿದ್ದೆ.

ಹಡಗಲಿ ಆಸ್ಪತ್ರೆಯಲ್ಲಿ ಜೀವ ಉಳಿಯಿತು. ಬಲಗೈಗೆ ಬಂದ ನಡುಕ ಹೋಗಲಿಲ್ಲ. ಆವತ್ತಿನ ಬೆಳಗು ಅವನ ತಲೆಯಿಂದ ಅಳಿಸಿಹೋಗಿತ್ತು. ಬಂಡೆ ಸರಿಸಿದ್ದು ನೆನಪಿತ್ತು, ಮುಂದಿನದು ಇಲ್ಲ. ಅವನು ಏನೂ ಹೇಳಲಾರ ಎಂದು ತಿಳಿದಾಗ ನನಗೆ ಹಾಯೆನಿಸಿತು. ಇದನ್ನು ಬರೆಯಲು ಕೈ ಬರುವುದಿಲ್ಲ, ಆದರೆ ಹಾಯೆನಿಸಿದ್ದು ನಿಜ.

ಎರಿಕ್ ಕೇಳಿದಾಗ ಹೇಳಿದೆ: ದೀಪ ಇನ್ನೂ ಕೊರಳಲ್ಲಿತ್ತು, ನನ್ನ ನಳಿಗೆ ತಳ ಮುಟ್ಟಿರಲಿಲ್ಲ, ನಾನು ತಡಿ ಅನ್ನುವುದರೊಳಗೆ ತಮ್ಮ ಇಳಿದುಬಿಟ್ಟ, ಗಲಾಟೆಯಲ್ಲಿ ಪೆಟ್ಟಿಗೆಗೂ ಪೆಟ್ಟಾಯಿತು. ಮ್ಯಾನೇಜರಿಗೂ ಅದೇ ಬೇಕಿತ್ತು. ಅಳತೆ ಮುಗಿಯುವ ಮೊದಲೇ ಹಳ್ಳಿಯವನು ಅವಸರದಿಂದ ಇಳಿದ ಎಂದು ವಿಷಯ ಮುಗಿಸಿದರು.  ಎರಿಕ್ ನಂಬಿದನೋ ಇಲ್ಲವೋ ತಿಳಿಯದು. ಪೆಟ್ಟಿಗೆಯನ್ನು ತಾನೇ ತೆಗೆದುಕೊಂಡು ಹೋದ.

ಮಂಚದ ಮೇಲಿದ್ದ ತಮ್ಮನೂ ಕೇಳಿದ. "ಅಣ್ಣ, ನಾ ದೀಪ ತಳಮಟ ಬಿಟ್ಟಿದ್ನಿಲ್ಲ? ಯಾವತ್ತೂ ಬಿಡ್ತಿದ್ನೆಲ್ಲ?"

"ಬಿಡಲಿಲ್ಲೋ. ಅವಸರ ಮಾಡ್ದಿ" ಎಂದೆ.

ಅವನು ಗೋಡೆಯ ಕಡೆ ಹೊರಳಿ ಮಲಗಿದ. "ಹಂಗ್ಯಾಕ ಮಾಡಿದ್ನೋ ಏನೋ" ಎಂದ.

ಆಮೇಲೆ ಅವನನ್ನು ಯಾರೂ ಕರೆಯಲಿಲ್ಲ. ಕೈ ನಡುಗುತ್ತದೆ ಎಂದಲ್ಲ. ಕಂಬಳಿ ಆಡಿಸುವುದಕ್ಕೆ ಬೇರೆ ಆಳು ಸಿಗುತ್ತದೆ; ಇಳಿಯಬಹುದೋ ಬಾರದೋ ಎಂದು ಹೇಳುವ ಬಾಯಿ ಬೇಕಾಗಿತ್ತು, ಆ ಬಾಯಿಯ ಮೇಲೆ ನಂಬಿಕೆ ಹೋಗಿತ್ತು. ಕೂಡ್ಲಿಗಿ ಬಸ್ಸಿನಲ್ಲಿ ಕೂಡ ಯಾರೋ ಅವನನ್ನು "ಅವಸರದ ಮೈಲಪ್ಪ" ಎಂದು ಕರೆದದ್ದನ್ನು ನಾನು ಕೇಳಿದ್ದೇನೆ. ಕಿಟಕಿಯ ಕಡೆ ಮುಖ ಮಾಡಿಕೊಂಡೆ. ಅವನೇ ತನ್ನ ಮೇಲಿನ ನಂಬಿಕೆ ಕಳೆದುಕೊಂಡ. ಮನೆಯ ಒಲೆ ಆರಿದೆಯೋ ಇಲ್ಲವೋ ಎಂದು ನೀಲವ್ವನನ್ನು ಎರಡೆರಡು ಸಲ ಕೇಳುತ್ತಿದ್ದನಂತೆ.

ನಾರ್ವೆಗೆ ನನ್ನನ್ನೇ ಕಳಿಸಿದರು. ಅಲ್ಲಿ ದೊಡ್ಡ ಯಂತ್ರಗಳನ್ನು ಕಂಡೆ, ಗಾಳಿಯನ್ನು ಕಲ್ಲಿನೊಳಕ್ಕೆ ಇಳಿಸುವ ಕೊಳವೆಗಳನ್ನು ಕಂಡೆ. ಆದರೆ ನಿಮಗೆ ಹೇಳಬೇಕಾದದ್ದು ಅದಲ್ಲ. ಬೆಳಿಗ್ಗೆ ಕೆಲಸ ಶುರುವಾಗುವ ಮೊದಲು ಅವರು ಕಾಫಿ ಹಿಡಿದು ಸುತ್ತ ನಿಲ್ಲುತ್ತಾರೆ. ನಿನ್ನೆ ತಾನು ಏನು ಕೆಡಿಸಿದೆ, ಎಲ್ಲಿ ಮರೆತೆ ಎಂದು ಒಬ್ಬೊಬ್ಬರೂ ಹೇಳುತ್ತಾರೆ. ದೊಡ್ಡ ಅಧಿಕಾರಿಯೂ ಹೇಳುತ್ತಾನೆ. ಒಬ್ಬ ಅಳತೆ ಯಂತ್ರ ಬೀಳಿಸಿದೆ ಎಂದ. ಇನ್ನೊಬ್ಬ ಹೋಗಿ ಬೇರೆಯದನ್ನು ತಂದುಕೊಟ್ಟ. ಅಷ್ಟೇ. ಯಾರೂ ಬೈಯಲಿಲ್ಲ.  ನನ್ನ ಸರದಿ ಬಂದಾಗ, ಪಕ್ಕದಲ್ಲಿದ್ದ ನಮ್ಮ ದೇಶದ ಇಂಜಿನಿಯರ್ ಮೂಲಕ, ಒಂದು ನಟ್ಟು ಸಡಿಲ ಬಿಟ್ಟಿದ್ದೆ ಎಂದು ಸುಳ್ಳು ತಪ್ಪು ಹೇಳಿದೆ. ಅವರು ಧನ್ಯವಾದ ಹೇಳಿದರು.

ವಾಪಸು ಬಂದು ಕಲಿತದ್ದನ್ನೆಲ್ಲ ನಮ್ಮ ಕಾರ್ಖಾನೆಯಲ್ಲಿ ಜಾರಿಗೆ ತಂದೆವು. ಗೋಡೆಗೆ ಅಳತೆ ಯಂತ್ರಗಳು ಬಂದವು, ಗ್ಯಾಸು ಹೆಚ್ಚಾದರೆ ತಾವೇ ಕೂಗುತ್ತವೆ. ಗುಂಡಿಗಳಿಗೆ ಗಾಳಿ ಊದುವ ಫ್ಯಾನು ಬಂತು. ಬೆಳಗಿನ ಆ ಕಾಫಿಯ ಪದ್ಧತಿಯೊಂದನ್ನು ನಾನು ತರಲಿಲ್ಲ. ಕೇಳಿದವರಿಗೆ, ಅದು ನಮ್ಮ ಜನಕ್ಕೆ ಒಗ್ಗುವುದಿಲ್ಲ ಎಂದೆ. ಹೊರದೇಶಕ್ಕೆ ಕಲಿಯಲು ಹೋಗುವ ನೀವು ಯಂತ್ರದ ಪಟ ತೆಗೆದುಕೊಂಡು ಬರುತ್ತೀರಿ. ಆ ಯಂತ್ರ ಕೆಟ್ಟಾಗ ಅಲ್ಲಿನವರು ಏನು ಮಾಡುತ್ತಾರೆ ಎಂಬುದನ್ನೂ ನೋಡಿ ಬನ್ನಿ. ನಮ್ಮ ಬಿಸಿಲಿಗೆ ಅವರ ತಣಿಸುವ ಯಂತ್ರ ಒಗ್ಗದೆ ಹೋಗಬಹುದು. ಆ ಪದ್ಧತಿ ಒಗ್ಗುವುದಿಲ್ಲ ಎಂದದ್ದು ನನ್ನ ಹೆದರಿಕೆ.

ಹಗೇವುಗಳು ಒಂದೊಂದಾಗಿ ಮುಚ್ಚಿಹೋದವು. ಜೋಳ ಬಿತ್ತುವವರು ಮೆಕ್ಕೆಜೋಳಕ್ಕೆ ಹೊರಳಿದರು, ಕಾಳು ಚೀಲದಲ್ಲೇ ಪೇಟೆಗೆ ಹೋಗತೊಡಗಿತು. ಇನ್ನು ಹೇಳಿ ಏನು ಪ್ರಯೋಜನ, ಅವನಿಗೆ ಕೆಲಸವಂತೂ ಇಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹೀಗೆ ನಿವೃತ್ತಿಯೂ ಆಯಿತು. ಹಾರ ಹಾಕಿದರು.

ಈ ಬೇಸಿಗೆಯಲ್ಲಿ ಹೊಸಬರ ಒಂದು ತಂಡವನ್ನು ಹೊಳಲಿಗೆ ಕರೆದುಕೊಂಡು ಹೋಗಿ ಉಳಿದಿರುವ ಒಂದು ಹಗೇವನ್ನು ತೋರಿಸಿ ಎಂದು ಕಾರ್ಖಾನೆಯವರು ಕೇಳಿದರು. ನೆಲದೊಳಗೆ ಗಾಳಿ ಹೇಗೆ ನಿಲ್ಲುತ್ತದೆ ಎಂದು ಕಣ್ಣಾರೆ ನೋಡಲಿ ಎಂದು. ತೋರಿಸಬಲ್ಲವನು ಮೈಲಪ್ಪನೊಬ್ಬನೇ. ಅವನು ಒಗೆದ ಅಂಗಿ ಹಾಕಿಕೊಂಡು ಬಂದ. ನೀಲವ್ವ ಬಂದಳು. ಹಿಂದೆ ಅವನನ್ನು ಕರೆಯುತ್ತಿದ್ದ ಮನೆಗಳ ಹಿರಿಯರೂ ಗೋಡೆಯ ನೆರಳಿಗೆ ಬಂದು ಕೂತರು.

ಮೈಲಪ್ಪ ದೀಪ ಇಳಿಸಿ ತೋರಿಸಿದ. ಹಗ್ಗ ಅವನ ಕೈಯಲ್ಲಿ ನಡುಗುತ್ತಿತ್ತು.

"ನೋಡವ್ವ, ನೋಡ್ರಪ್ಪ. ಈ ಗಾಳಿ ಬಾವಿ ನೀರಿದ್ದಂಗ, ತಳದಾಗ ಕುಂತಿರ್ತೈತಿ. ದೀಪ ತಳ ಮುಟ್ಟೋಮಟ ಕಾಯ್ಬೇಕು. ನಾ ಕಾಯಲಿಲ್ಲ. ಅದಕ್ಕ ಈ ಕೈ ಹಿಂಗ ಆಗೇತಿ."

"ಅವಂಗ ಅವಸರದ ಮೈಲಪ್ಪ ಅಂತಾರವ್ವ," ಎಂದ ನೆರಳಿನಲ್ಲಿ ಕೂತ ಒಬ್ಬ ಮುದುಕ. "ಉಣ್ಣಾಕ ಕುಂತ್ರೂ ಕೈ ತೊಳಿಯೋಕಿಂತ ಮೊದಲ ಎದ್ದ ಬಿಡ್ತಾನ."

ಎಲ್ಲರೂ ನಕ್ಕರು. ಮೈಲಪ್ಪನೂ ನಕ್ಕ. ನೀಲವ್ವ ನಗಲಿಲ್ಲ.

ತಂಡದ ಒಬ್ಬಳು ಹುಡುಗಿ ನನ್ನ ಕಡೆ ತಿರುಗಿದಳು. "ಸಾರ್, ಆವತ್ತು ನೀವೂ ಇದ್ರಾ?"

ನನಗಿಂತ ಮೊದಲು ತಮ್ಮನೇ ಹೇಳಿದ. "ಇದ್ದ, ಅಣ್ಣ ಇದ್ದ. ತಡಿ ತಡಿ ಅಂತಿದ್ನಂತ. ಪಾಪ, ನಾನ ಅವನ ಮಾತು ಕೇಳಲಿಲ್ಲ."

ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು.  ನೆರಳಿನಲ್ಲಿ ಕೂತವರಿಗೂ ಕೇಳುವಂತೆ ದನಿ ಎತ್ತಿದೆ.

"ಸುಳ್ಳು. ನೀ ಕಾದಿದ್ದಿ, ಮೈಲಪ್ಪ. ದೀಪ ತಳಮಟ ಬಿಟ್ಟಿದ್ದಿ, ಆರಿತ್ತು. ಬ್ಯಾಡಣ್ಣ, ಸಂಜಿಕ ನೋಡೋಣ ಅಂದಿದ್ದಿ. ನನ್ನ ಪೆಟ್ಟಿಗಿ ಕೆಟ್ಟಿತ್ತು, ನಾನ ಬೀಳಿಸಿದ್ದೆ, ನನಗ ಗೊತ್ತಿತ್ತು. ಗೊತ್ತಿದ್ದೂ ಇಳಿ ಅಂದೆ. ಆಮ್ಯಾಲೆ ಊರಿಗೆಲ್ಲ ನಿನ್ನ ತಪ್ಪು ಅಂದೆ, ನಿನಗೂ ಹಂಗ ಅಂದೆ. ನೀ ಅವಸರ ಮಾಡ್ದಾವಲ್ಲ. ಎಲ್ಲಾರೂ ಕೇಳ್ರಿ, ಅವ ಅವಸರ ಮಾಡ್ದಾವಲ್ಲ. ನಂದ ತಪ್ಪು, ತಮ್ಮ. ನೀಲವ್ವ, ನಿನ್ನ ಮುಂದೂ ಹೇಳ್ತೀನಿ, ನಂದ ತಪ್ಪು."